ಶಿಶುಪಾಲನಾ ಕೇಂದ್ರವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ತಂದೆತಾಯಿಗಳಿಬ್ಬರೂ ದುಡಿಯಲು ಹೊರಡುವ ಮನೆಗಳಲ್ಲಿ, ಎಳೆಯ ಮಗುವನ್ನು ಹಗಲು ಯಾರ ವಶಕ್ಕೆ ಒಪ್ಪಿಸುವುದೆಂಬುದು ಇಂದು ದೊಡ್ಡ ಪ್ರಶ್ನೆಯಾಗಿದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಶಿಶುಪಾಲನೆಯ ಏರ್ಪಾಟು ಮಾಡಬೇಕೆಂದು ವಿಧಿಸಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿಯೂ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳು ತೆರೆದವು. ಆದರೆ ಕೇಂದ್ರವನ್ನು ನೋಡಲು ಹೋದವರು ಗೋಡೆಯ ಚಿತ್ರಗಳನ್ನೂ ಆಟಿಕೆಗಳನ್ನೂ ಕಂಡು ತೃಪ್ತರಾಗಿ ಹಿಂದಿರುಗುವುದೇ ಹೆಚ್ಚು. ಅವರು ಮೊದಲು ಕೇಳಬೇಕಾದುದು ಬೇರೊಂದು: ‘ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ?’

ಈ ಪ್ರಶ್ನೆಗೆ ಅಷ್ಟು ಮಹತ್ವವೇಕೆ? ತಾಯಿಯಿಂದ ಬಂದ ರೋಗನಿರೋಧಕ ವಸ್ತುಗಳು ಹುಟ್ಟಿದ ಕೆಲವು ತಿಂಗಳುಗಳಲ್ಲಿ ಶಿಶುವಿನ ರಕ್ತದಲ್ಲಿ ಕಡಮೆಯಾಗುತ್ತವೆ. ಅದರ ಸ್ವಂತ ಶಕ್ತಿ ಇನ್ನೂ ಪಳಗಿರುವುದಿಲ್ಲ. ಕೈಗೆ ಸಿಕ್ಕಿದುದೆಲ್ಲ ಬಾಯಿಗೆ ಹೋಗುವ ವಯಸ್ಸದು. ಇಂತಹ ಹತ್ತು ಮಕ್ಕಳು ಒಂದೇ ಕೋಣೆಯಲ್ಲಿದ್ದರೆ ಒಂದರ ಸೋಂಕು ಎಲ್ಲಕ್ಕೂ ತಗಲುವುದು ಸುಲಭ. ಆದುದರಿಂದ ಜ್ವರ ಬಂದ ಮಗುವನ್ನು ಪ್ರತ್ಯೇಕವಾಗಿರಿಸಿ ಮನೆಗೆ ಕಳುಹಿಸುವ ನಿಯಮವು ಉಳಿದ ಮಕ್ಕಳ ರಕ್ಷಣೆಗಾಗಿ ಇರುವುದು.

ಆದರೂ ಇದೊಂದೇ ನಿಯಮ ಸಾಲದು. ದಡಾರವನ್ನು ನೋಡಿರಿ. ಮೈಮೇಲೆ ಗುಳ್ಳೆಗಳು ಏಳುವುದಕ್ಕೆ ಸುಮಾರು 4 ದಿನ ಮೊದಲೇ ರೋಗಿಯು ಅದನ್ನು ಹರಡಬಲ್ಲನು. ಅವನು ಹೊರಟುಹೋದ ಮೇಲೂ ವೈರಸ್ಸು ಕೋಣೆಯ ಗಾಳಿಯಲ್ಲಿ 2 ಗಂಟೆಗಳವರೆಗೆ ಉಳಿಯಬಲ್ಲುದು. ನಮ್ಮ ದೇಶದ ಕಾರ್ಯಕ್ರಮದಲ್ಲಿ ದಡಾರದ ಮೊದಲನೆಯ ಲಸಿಕೆ 9 ತಿಂಗಳು ತುಂಬಿದ ಮೇಲೆ. ಎರಡನೆಯದು 16ರಿಂದ 24 ತಿಂಗಳುಗಳ ನಡುವೆ. ಎಂದ ಮೇಲೆ ಏಳು ತಿಂಗಳ ಕೂಸಿಗೆ ಜೊತೆಯ ಮಕ್ಕಳ ಮತ್ತು ಆಯಾಗಳ ಲಸಿಕೆಯೇ ರಕ್ಷೆ. ಎಲ್ಲರ ಲಸಿಕೆಯ ದಾಖಲೆಯನ್ನೂ ಇಟ್ಟಿದ್ದಾರೆಯೆ ಎಂಬುದು ಎರಡನೆಯ ಪ್ರಶ್ನೆ.

ಮೂರನೆಯದನ್ನು ಕೇಳುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು. ಮಗುವಿನ ಮಲ ತೊಳೆದ ಆಯಾ, ಊಟ ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯುತ್ತಾಳೆಯೆ? ಹತ್ತಿರದಲ್ಲೇ ನಲ್ಲಿಯಿದೆಯೆ? ಭೇದಿ ತರುವ ಕೆಲವು ವೈರಸ್ಸುಗಳು ಸ್ಯಾನಿಟೈಸರಿಗೆ ಸುಲಭವಾಗಿ ಸಾಯುವುದಿಲ್ಲ. ಸಾಬೂನು ನೀರುಗಳೇ ಬೇಕು. ಹಾಗೆಯೇ, ಕೂಸುಗಳನ್ನು ಅಂಗಾತವಾಗಿ, ಗಟ್ಟಿಯಾದ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸುತ್ತಾರೆಯೆ? ಅಡಿಗೆಯ ಒಲೆ ಎಲ್ಲಿದೆ? ಹೊರಹೋಗಲು ಎರಡನೆಯ ದಾರಿಯುಂಟೆ? 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತುದನ್ನು ಮರೆಯಲಾಗದು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಮಗುವನ್ನು ಮನೆಗೆ ಕಳುಹಿಸಿದರೆ ತಾಯಿಯ ಅಂದಿನ ಕೂಲಿ ಹೋಯಿತು. ಆದುದರಿಂದಲೇ ಕೆಲವರು ಬೆಳಗ್ಗೆ ಜ್ವರದ ಔಷಧ ಕುಡಿಸಿ, ಮೈ ತಣ್ಣಗಾದ ಕೂಡಲೆ ಮಗುವನ್ನು ಬಿಟ್ಟುಹೋಗುತ್ತಾರೆ. ಔಷಧವು ತಾಪವನ್ನು ಇಳಿಸುತ್ತದೆ, ಸೋಂಕನ್ನಲ್ಲ. ಆದರೆ ತಾಯಿಯೊಬ್ಬಳನ್ನೇ ದೂಷಿಸುವುದು ನ್ಯಾಯವಲ್ಲ. ಮಗುವಿನ ಕಾಯಿಲೆಗೆಂದು ತಂದೆಗಾಗಲಿ ತಾಯಿಗಾಗಲಿ ಸಂಬಳಸಹಿತ ರಜೆ ಕೊಡದ ಮಾಲೀಕನೂ ಆ ಸೋಂಕಿಗೆ ಹೊಣೆಗಾರನೇ. ಕೇಂದ್ರದ ನಿಯಮ ಎಷ್ಟೇ ಚೆನ್ನಾಗಿದ್ದರೂ, ಅದನ್ನು ಪಾಲಿಸಲು ಪೋಷಕರಿಗೆ ಅನುಕೂಲವಿಲ್ಲದಿದ್ದರೆ ಅದು ಕಾಗದದ ಮೇಲೆಯೇ ಉಳಿಯುವುದು.

ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಅಕ್ಕನ ಅಥವಾ ಅಣ್ಣನ ಮಗುವನ್ನು ಸೇರಿಸಲು ಹೋಗುವಾಗ ನೀವೂ ಜೊತೆಗೆ ಹೋಗಿ, ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ರೋಗದ ಮಗುವನ್ನು ಸೇರಿಸಲೊಲ್ಲೆವೆಂದು ಖಂಡಿತವಾಗಿ ಹೇಳುವ ಕೇಂದ್ರವನ್ನು ಕಂಡು ಬೇಸರಪಡಬೇಡಿರಿ. ನಿಮ್ಮ ಮಗು ಆರೋಗ್ಯವಾಗಿರುವ ದಿನಗಳಲ್ಲಿ ಅದನ್ನು ಕಾಯುವುದೂ ಆ ನಿಯಮವೇ.