ಅಮೆರಿಕದ ಪ್ರಜೆ, ಧಾರವಾಡದ ಮೊಮ್ಮಗ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲಿ ಹಿರಿಯರು ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ: “ಎಷ್ಟನೇ ಇಯತ್ತೆ ತಮ್ಮಾ?” ಅಮೆರಿಕದಿಂದ ಬಂದಿಳಿದ ಹುಡುಗ ಅಜ್ಜಿಯ ಮುಖ ನೋಡುತ್ತಾನೆ. “ಮೂರನೇದ್ರಿ” ಎಂದು ಆಕೆಯೇ ಉತ್ತರಿಸುತ್ತಾರೆ. ಇಂಥ ಮಕ್ಕಳು ನಮ್ಮ ಊರಿಗೆ ಅಪರೂಪವಲ್ಲ. ತಂದೆ-ತಾಯಿ ಭಾರತದ ಪ್ರಜೆಗಳು. ಮಗು ಅಮೆರಿಕದ ನೆಲದಲ್ಲಿ ಹುಟ್ಟಿದ ಕಾರಣ ಆ ದೇಶದ ಪ್ರಜೆ. ಸಂಸಾರ ಧಾರವಾಡಕ್ಕೆ ಬಂದಾಗ ಹಿರಿಯರು ಊರಿಗೆ ಮರಳಿರುತ್ತಾರೆ, ಮಗು ಪರದೇಶಕ್ಕೆ ಬಂದಿರುತ್ತದೆ. ಈ ವ್ಯತ್ಯಾಸವನ್ನು ನಾವು ಸಾಕಷ್ಟು ಗಮನಿಸಿಲ್ಲ.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕವನ್ನು ಘೋಷಿಸಿದ ಬಳಿಕ, ಅಲ್ಲಿರುವ ನಮ್ಮವರಲ್ಲಿ ಮರಳುವ ಮಾತು ಹೆಚ್ಚಾಗಿ ಕೇಳಿಬಂದಿತು. ಆದುದರಿಂದ ಈ ವಿಷಯದ ವಿಚಾರ ಈಗ ಅಗತ್ಯವೆಂದು ನಮಗೆ ತೋರುತ್ತದೆ.

ನಿತ್ಯಜೀವನದ ತೊಡಕುಗಳು ಮೊದಲು ಎದುರಾಗುವುದು ಅಡುಗೆಮನೆಯಲ್ಲಿ. ಅಲ್ಲಿಯ ವಿದ್ಯುತ್ತು 120 ವೋಲ್ಟ್, ಇಲ್ಲಿಯದು 230. ಹಡಗಿನಲ್ಲಿ ತರಿಸಿದ ಮಿಕ್ಸರನ್ನು ನೇರವಾಗಿ ಜೋಡಿಸಿದರೆ ಅದರ ಕಥೆ ಮುಗಿದಂತೆಯೇ. ನೀರಿನದು ಇನ್ನೊಂದು ಪಾಠ. ಮಲಪ್ರಭೆಯ ನೀರು ಕುಡಿಯುವ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ದಿನದ ಇಪ್ಪತ್ತನಾಲ್ಕು ಗಂಟೆ ನೀರು ಬಂದರೂ, ‘ನಳ ಬರುವ ದಿನ’ವನ್ನು ಲೆಕ್ಕವಿಟ್ಟು ಬದುಕುವುದು ಉಳಿದ ಬಡಾವಣೆಗಳಿಗೆ ರೂಢಿಯಾಯಿತು. ನಲ್ಲಿ ತಿರುವಿದರೆ ನೀರು ಬರುವುದೆಂದಷ್ಟೇ ಬಲ್ಲ ಮಗುವಿಗೆ ನೀರಿಗೂ ವಾರವಿದೆಯೆಂಬುದು ವಿಸ್ಮಯ. ಊಟದ ವಿಷಯ ಹೇಳಬೇಕಾದ್ದಿಲ್ಲ. ರೊಟ್ಟಿಗೆ ಮುಖ ತಿರುಗಿಸಿದ ಮಗುವೂ ಪೇಡೆಗೆ ಕೈ ಚಾಚುತ್ತದೆ.

ಕಾಗದಪತ್ರಗಳಲ್ಲಿ ತೊಡಕು ಹೆಚ್ಚು. ಅಮೆರಿಕದವರು ತಾರೀಖಿನಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಜೂನ್ 5ರಂದು ಹುಟ್ಟಿದ ಮಗುವಿನ ದಾಖಲೆಯಲ್ಲಿ 6/5 ಎಂದಿದ್ದರೆ, ಇಲ್ಲಿಯ ಗುಮಾಸ್ತರು ಅದನ್ನು ಮೇ 6 ಎಂದೇ ಓದುತ್ತಾರೆ. ಶಾಲೆಗೆ ಒಂದು ಜನ್ಮದಿನ, ಆಧಾರ್‌ಗೆ ಇನ್ನೊಂದು ಆಗಿಬಿಟ್ಟರೆ ತಿದ್ದುಪಡಿಗಾಗಿ ಅಲೆಯಬೇಕು. ಅಜ್ಜನು ಪ್ರೀತಿಯಿಂದ ಮೊಮ್ಮಗನ ಹೆಸರಿನಲ್ಲಿ ಠೇವಣಿ ಇಟ್ಟಾಗ, ಆ ಮಗುವಿನ ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ, ಅದನ್ನು ಅಮೆರಿಕದ ಖಜಾನೆ ಇಲಾಖೆಗೆ ವರದಿ ಮಾಡಬೇಕು. ಅದೇ ಅಜ್ಜ ಮೊಮ್ಮಗನ ಹೆಸರಿನಲ್ಲಿ ಹೊಲ ಕೊಳ್ಳುವಂತಿಲ್ಲ. ತನ್ನ ಹೊಲವನ್ನು ವಾರಸಿನಿಂದ ಬಿಟ್ಟುಹೋಗಬಹುದು.

ಇಂಥ ಮಕ್ಕಳಿಗೆ ಸರಕಾರ ಕೊಡುವುದು ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಒಸಿಐ ಕಾರ್ಡು. ಹೆಸರಿನಲ್ಲಿ ನಾಗರಿಕತ್ವವಿದ್ದರೂ ಹುರುಳಿನಲ್ಲಿ ಅದು ಆಜೀವ ವೀಸಾ. ಮತದಾನವಿಲ್ಲ, ಸರಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಧರ್ಮಪ್ರಚಾರದ ಕಾರ್ಯಕ್ಕೂ ಪತ್ರಿಕಾವೃತ್ತಿಗೂ ವಿಶೇಷ ಅನುಮತಿ ಬೇಕು. ಉತ್ಸಾಹಿ ಯುವಕರಿಗೆ ಜವಾಬ್ದಾರಿ ವಹಿಸುವ ನಮ್ಮ ಧರ್ಮಕೇಂದ್ರಗಳು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಆದರೆ ನಿಜವಾದ ಪೆಟ್ಟು ಬೀಳುವುದು ವಿದ್ಯೆಯ ಮೇಲೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಒಸಿಐ ವಿದ್ಯಾರ್ಥಿಗಳನ್ನು ಭಾರತದ ಪ್ರಜೆಗಳಂತೆಯೇ ಪರಿಗಣಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತ್ತು. ಮೂರು ತಿಂಗಳೊಳಗೆ, 2021ರ ಮಾರ್ಚ್ 4ರಂದು, ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು: ನೀಟ್, ಜೆಇಇ ಮುಂತಾದ ಪರೀಕ್ಷೆ ಬರೆಯುವ ಇಂಥವರಿಗೆ ಅನಿವಾಸಿ ಭಾರತೀಯರ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ. ಸರ್ವೋಚ್ಚ ನ್ಯಾಯಾಲಯ 2023ರ ಫೆಬ್ರವರಿಯಲ್ಲಿ ಈ ನಿಯಮವನ್ನು ರದ್ದುಪಡಿಸಲಿಲ್ಲ. ಅಧಿಸೂಚನೆಯ ದಿನಕ್ಕಿಂತ ಮುಂಚೆ ಕಾರ್ಡು ಪಡೆದವರಿಗೆ ಅದು ಅನ್ವಯಿಸದೆಂದು ಹೇಳಿತು.

ಇದರ ಪರಿಣಾಮವನ್ನು ನಾವು ಬಲ್ಲ ಸಪ್ತಾಪುರದ ಒಂದು ಮನೆಯಲ್ಲಿ ಕಾಣಬಹುದು. ಆರಂಭದಲ್ಲಿ ಹೇಳಿದ ಹುಡುಗನ ಕಾರ್ಡು 2018ರದು, ತಂಗಿಯದು 2022ರದು. ಒಂದೇ ತಾಯಿಯ ಮಕ್ಕಳು, ಒಂದೇ ತಟ್ಟೆಯ ಊಟ, ಒಂದೇ ಶಾಲೆಯ ಆಟೋ. ಅಣ್ಣನು ಮುಂದೆ ಧಾರವಾಡದ ಐಐಟಿಯ ಅಥವಾ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಸೀಟಿಗೆ ಊರಿನ ಇತರ ಮಕ್ಕಳೊಡನೆ ಸರಿಸಮನಾಗಿ ಸ್ಪರ್ಧಿಸಬಹುದು. ತಂಗಿ ಸ್ಪರ್ಧಿಸುವಂತಿಲ್ಲ. ಅನಿವಾಸಿ ಸೀಟಿನ ಶುಲ್ಕ ಸಾಮಾನ್ಯ ಸೀಟಿಗಿಂತ ಹಲವು ಪಟ್ಟು ಹೆಚ್ಚು. ಆಕೆಯೋ ಬಾಲವಾಡಿಯಿಂದಲೇ ಇಲ್ಲಿ ವಾಸಿ!

ವಿರಲವಾದ ಸೀಟುಗಳು ಮೊದಲು ದೇಶದ ಪ್ರಜೆಗಳಿಗೆ ಸಲ್ಲಬೇಕೆಂಬ ಸರಕಾರದ ವಾದದಲ್ಲಿ ನ್ಯಾಯವಿದೆ. ಡಾಲರಿನಲ್ಲಿ ದುಡಿಯುವವರ ಮಕ್ಕಳು ಪರೀಕ್ಷೆಯ ಹೊತ್ತಿಗೆ ವಿಮಾನ ಹತ್ತಿ ಬಂದು, ಕುಂದಗೋಳದ ರೈತನ ಮಗಳ ಸೀಟನ್ನು ಕಸಿಯುವುದನ್ನು ನಾವೂ ಒಪ್ಪೆವು. ಆದರೆ ಹಾಗೆ ಬರುವವರನ್ನೂ ಇಲ್ಲಿಯೇ ಬೆಳೆದವರನ್ನೂ ಬೇರ್ಪಡಿಸುವ ಅಳತೆಗೋಲು ನಮ್ಮ ರಾಜ್ಯದಲ್ಲೇ ಇದೆ. ಸಿಇಟಿ ಸೀಟಿನ ಅರ್ಹತೆಗೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬುದು ಮುಖ್ಯ ಮಾನದಂಡಗಳಲ್ಲೊಂದು. ಕಾರ್ಡಿನ ತಾರೀಖಿಗೆ ಬದಲಾಗಿ ಇಲ್ಲಿ ಓದಿದ ವರ್ಷಗಳನ್ನು ಎಣಿಸುವುದು ಹೆಚ್ಚು ನ್ಯಾಯಸಮ್ಮತವೆಂಬುದು ನಮ್ಮ ಅಭಿಪ್ರಾಯ. ನಮ್ಮ ಸಂಸದರು ಈ ವಿಷಯವನ್ನು ಎತ್ತಿದರೆ ಉಪಕಾರವಾದೀತು.

ಅಲ್ಲಿಯವರೆಗೆ ತಂದೆ-ತಾಯಿಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಭಾರತೀಯ ದಂಪತಿಗಳಿಗೆ ವಿದೇಶದಲ್ಲಿ ಹುಟ್ಟಿದ ಮಗುವನ್ನು, ಅದಕ್ಕೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಿ, ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನಮ್ಮ ಪ್ರಜೆಯಾಗಿ ನೋಂದಾಯಿಸಬಹುದು. ಬಹುತೇಕ ಮನೆಗಳಲ್ಲಿ ಈ ಅವಕಾಶ ಅರಿವಿಲ್ಲದೆಯೇ ಕಳೆದುಹೋಗುತ್ತದೆ. ಸಪ್ತಾಪುರದ ಆ ತಾಯಿಯನ್ನು ಕೇಳಿದೆವು. ಕೂಸಿಗೆ ಮೂರು ತಿಂಗಳಾದಾಗಲೇ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದರಂತೆ. ಅಜ್ಜಿಗೆ ಮೊಮ್ಮಗಳ ಮುಖ ತೋರಿಸುವ ಅವಸರವಿತ್ತು.