ಕೊಂಡು ತಂದ ಕೇಳುಗರು



ಕಳೆದ ಆಶ್ವಯುಜದಲ್ಲಿ ನನಗೆ ಎಪ್ಪತ್ತನಾಲ್ಕು ತುಂಬಿತು. ಆ ದಿನ ನನ್ನ ಅಕ್ಕನ ಮಗ ನನಗೊಂದು ಉಡುಗೊರೆ ಕೊಟ್ಟ. ಅದು ಶಾಲುವಲ್ಲ, ಪುಸ್ತಕವಲ್ಲ. ಐದು ಸಾವಿರ ಮಂದಿ ಕೇಳುಗರು.

ಮುದ್ದಣನ ‘ಶ್ರೀರಾಮಾಶ್ವಮೇಧ’ದ ಪಾಠಗಳನ್ನು ನಾನು ಎರಡು ವರ್ಷಗಳಿಂದ ಮನೆಯ ಜಗಲಿಯಲ್ಲಿ ಕುಳಿತು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುತ್ತಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಈವರೆಗೆ 31 ಪಾಠಗಳಾಗಿವೆ. ಅತಿ ಹೆಚ್ಚು ಮಂದಿ ನೋಡಿದ ಪಾಠಕ್ಕೆ 212, ಅತಿ ಕಡಿಮೆಯದಕ್ಕೆ 9. ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ತೆರೆದು ನೋಡುತ್ತೇನೆ, ಹಿಂದಿನ ರಾತ್ರಿ 23 ಇದ್ದ ಏಳನೆಯ ಪಾಠ 5,118 ತೋರಿಸುತ್ತಿತ್ತು. ಒಂದು ಗಳಿಗೆ ನನ್ನ ಎದೆ ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. ಕನ್ನಡನಾಡು ಕೊನೆಗೂ ಎಚ್ಚೆತ್ತಿತು ಎಂದುಕೊಂಡೆ. ನಿಮ್ಮ ಗುರುಪತ್ನಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿಯೂ ಬಿಟ್ಟೆ.

ಸಂಜೆ ಅಳಿಯನ ಫೋನು. ‘ಮಾವ, ಇಷ್ಟ ಆಯ್ತಾ? ದುಡ್ಡು ಕೊಟ್ರೆ ವ್ಯೂಸ್ ಸಿಗುತ್ತೆ. ನೀವು ಬೇಜಾರು ಮಾಡ್ಕೊಂಡು ಕೂತಿರೋದನ್ನ ನೋಡಕ್ಕಾಗ್ಲಿಲ್ಲ.’

ಅವನ ಅಂತಃಕರಣದಲ್ಲಿ ನನಗೆ ಸಂಶಯವಿಲ್ಲ. ಆದರೆ ಅಂದು ನನಗಾದ ಅಪಮಾನವನ್ನು ಮೂವತ್ತಾರು ವರ್ಷಗಳ ಮೇಷ್ಟರಿಕೆಯಲ್ಲಿ ಯಾವ ತಂಟೆಕೋರ ಹುಡುಗನೂ ಮಾಡಿರಲಿಲ್ಲ. ಅಂದು ಫೋನಿನಲ್ಲಿ ಹೇಳಲಾಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ.

ಮೊದಲು ನನ್ನ ತಪ್ಪು. ನಾನು ಬೇಸರಿಸಿಕೊಂಡದ್ದು ನಿಜ. ಪ್ರತಿದಿನ ಕಾಫಿಗೂ ಮೊದಲು ಸಂಖ್ಯೆ ನೋಡುವ ಚಟ ಅಂಟಿತ್ತು. 23 ಮರುದಿನವೂ 23 ಆಗಿದ್ದರೆ ಮನೆಯವರ ಮೇಲೆ ಸಿಡುಕುತ್ತಿದ್ದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಶಿಷ್ಯರೊಬ್ಬರು ಆ ದಿನಗಳಲ್ಲಿ ನನಗೆ ಕಳುಹಿಸಿದರು. ಯೂಟ್ಯೂಬಿನ ಪ್ರತಿ ವೀಡಿಯೊಗೂ ಹನ್ನೊಂದು ಅಕ್ಷರಗಳ ಒಂದು ಗುರುತು ಇರುತ್ತದೆ. ಆ ಗುರುತುಗಳನ್ನು ಗಣಕದಿಂದ ಕುರುಡಾಗಿ ಊಹಿಸುತ್ತ ಹೋಗಿ, ಸಿಕ್ಕ ವೀಡಿಯೊಗಳನ್ನೆಲ್ಲ ಅವರು ಲೆಕ್ಕ ಹಾಕಿದರು. ಅರ್ಧದಷ್ಟು ವೀಡಿಯೊಗಳ ಸಂಖ್ಯೆ ಐವತ್ತನ್ನೂ ಮುಟ್ಟಿರಲಿಲ್ಲ. ಅಂದರೆ ನನ್ನ ಒಂಬತ್ತು ಮತ್ತು ಇಪ್ಪತ್ತಮೂರು ಯಾವ ಶಾಪದ ಫಲವೂ ಅಲ್ಲ; ಅಲ್ಲಿನ ಸಾಮಾನ್ಯ ಪ್ರಜೆಯ ಬಾಳೇ ಅದು. ಲಕ್ಷ, ಕೋಟಿಗಳೇ ಕಣ್ಣಿಗೆ ಬೀಳುವಂತೆ ವ್ಯವಸ್ಥೆಯಿರುವುದರಿಂದ ಉಳಿದವರಿಗೆಲ್ಲ ತಾವೊಬ್ಬರೇ ಅನಾಥರೆನಿಸುತ್ತದೆ.

ಇನ್ನು ಅಳಿಯನ ಉಡುಗೊರೆಯ ವಿಷಯ. ‘ಸುಳ್ಳು ಸಂಖ್ಯೆ ಬೇಡ’ ಎಂದಷ್ಟೇ ಹೇಳಿದರೆ ಅದು ಒಣ ನೀತಿಪಾಠವಾಗುತ್ತದೆ. ನನಗಾದ ನಷ್ಟ ಏನೆಂದು ಹೇಳುತ್ತೇನೆ. ವೀಡಿಯೊ ಏರಿಸಿದವರಿಗೆ ಅಲ್ಲಿ ಒಂದು ರೇಖಾಚಿತ್ರ ಸಿಗುತ್ತದೆ: ನೋಡುಗರು ಎಷ್ಟು ಹೊತ್ತು ಉಳಿದರು, ಯಾವ ನಿಮಿಷದಲ್ಲಿ ಎದ್ದು ಹೋದರು ಎಂಬುದು. ಅಲ್ಲಿ ನನಗೆ ನಿಜಕ್ಕೂ ಪ್ರಯೋಜನಕ್ಕೆ ಬಂದ ವಸ್ತು ಅದೊಂದೇ. ತರಗತಿಯಲ್ಲಿ ಹಿಂದಿನ ಬೆಂಚಿನವರ ಆಕಳಿಕೆ ಕಂಡರೆ ನಾನು ಸಮಾಸ ಬಿಡಿಸುವುದನ್ನು ನಿಲ್ಲಿಸಿ ಕಥೆಗೆ ಹೊರಳುತ್ತಿದ್ದುದು ನಿಮಗೆ ನೆನಪಿರಬಹುದು. ಈ ರೇಖೆಯೂ ಅದೇ ಆಕಳಿಕೆ. ನಾನು ಪ್ರಸ್ತಾವನೆಯನ್ನು ಆರು ನಿಮಿಷ ಎಳೆದಾಗ ಜನ ಜಾರಿದ್ದು, ಮುದ್ದಣ ಮನೋರಮೆಯರ ಸರಸ ಸಂವಾದ ಬಂದಾಗ ಉಳಿದದ್ದು ಅದರಿಂದಲೇ ತಿಳಿಯಿತು. ಅನಂತರದ ಪಾಠಗಳಲ್ಲಿ ಪ್ರಸ್ತಾವನೆಯನ್ನು ಕತ್ತರಿಸಿದೆ. ಕೊಂಡು ತಂದ ಐದು ಸಾವಿರ ಮಂದಿ ಕೆಲವೇ ಕ್ಷಣ ನಿಂತು ಹೊರಟರು. ರೇಖೆ ಮೊದಲ ನಿಮಿಷದಲ್ಲಿಯೇ ನೆಲಕ್ಕೆ ಬಿತ್ತು. ನಿಜವಾದ ಇಪ್ಪತ್ತಮೂರು ಮಂದಿಯ ಮುಖ ಆ ಗದ್ದಲದಲ್ಲಿ ನನಗೆ ಕಾಣದಂತಾಯಿತು. ಪಾಠ ನಡೆಯುವಾಗ ತರಗತಿಯೊಳಕ್ಕೆ ಬಾಡಿಗೆ ಜನರನ್ನು ನುಗ್ಗಿಸಿ ನನ್ನ ಹುಡುಗರನ್ನು ಮರೆಮಾಡಿದಂತೆ. ಇಂಥ ಕೊಳ್ಳುವಿಕೆ ಯೂಟ್ಯೂಬಿನ ನಿಯಮಕ್ಕೂ ವಿರುದ್ಧ. 2015ರವರೆಗೆ ಸಂಖ್ಯೆ 301ರ ಸುಮಾರಿಗೆ ಬಂದರೆ ಕೆಲಕಾಲ ಅಲ್ಲಿಯೇ ನಿಲ್ಲುತ್ತಿತ್ತಂತೆ. ಬಂದವರು ನಿಜವಾದ ಜನರೇ ಎಂದು ಪರೀಕ್ಷಿಸುವುದಕ್ಕಾಗಿ. ನನ್ನ ಮಟ್ಟಿಗೆ 301 ಎಂದೂ ಅಡ್ಡ ಬರಲಿಲ್ಲ, ಇರಲಿ.

ಅಳಿಯ ಬಿ.ಎ.ಯಲ್ಲಿ ಕನ್ನಡ ಓದಿದವನು, ಸುಮ್ಮನೆ ಸೋಲುವವನಲ್ಲ. ‘ಮುದ್ದಣನೂ ಸುಳ್ಳು ಹೇಳಲಿಲ್ವಾ ಮಾವ?’ ಎಂದ. ಒಳ್ಳೆಯ ಪ್ರಶ್ನೆ. ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬ ಉಡುಪಿಯ ಡ್ರಿಲ್ ಮಾಸ್ತರ, 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡವನು, ತಾನು ಬರೆದ ‘ಅದ್ಭುತ ರಾಮಾಯಣ’ವನ್ನು ಯಾವನೋ ಪ್ರಾಚೀನ ಕವಿಯ ಓಲೆಯೆಂದು ಹೇಳಿ ಮೈಸೂರಿನಿಂದ ಹೊರಡುತ್ತಿದ್ದ ಕಾವ್ಯಮಂಜರಿಗೆ ಕಳುಹಿಸಿದ. ತನ್ನ ಹೆಸರಿನಲ್ಲಿ ಕಳುಹಿಸಿದರೆ ಯಾರೂ ಕಣ್ಣೆತ್ತಿ ನೋಡಲಾರರೆಂಬ ಅಳುಕು ಅವನಿಗೆ ಇದ್ದೀತು. ಸುಳ್ಳೇ ಹೌದು. ಆದರೆ ಆ ಸುಳ್ಳಿನ ಬೆಲೆಯನ್ನು ತೆತ್ತವನು ಅವನೇ: ಕಾವ್ಯ ಓದುಗರಿಗೆ ಸಿಕ್ಕಿತು, ಕೀರ್ತಿ ಕವಿಗೆ ಸಿಗಲಿಲ್ಲ. ನೀನು ಮಾಡಿದ್ದು ಅದರ ತಿರುಗುಮುರುಗು, ಅಪ್ಪಾ. ನನಗೆ ಕೀರ್ತಿ ಬಂದಂತೆ ಕಂಡಿತು, ಪಾಠ ಯಾರಿಗೂ ಮುಟ್ಟಲಿಲ್ಲ.

ಮುದ್ದಣನ ಕೃತಿಯೊಳಗೇ ನೋಡು. ಮಳೆಗಾಲದ ಬೇಸರ ಕಳೆಯಲು ಕಥೆ ಹೇಳೆಂದು ಕಾಡುವ ಮನೋರಮೆ ಒಬ್ಬಳೇ. ಅವಳು ಸುಮ್ಮನೆ ಕೇಳುವವಳಲ್ಲ; ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತ ಹೆಚ್ಚಾಯಿತೆಂದು ಮೂಗು ಮುರಿಯುತ್ತಾಳೆ, ನಡುವೆ ಬಾಯಿ ಹಾಕುತ್ತಾಳೆ. ಅವಳ ಜಾಗದಲ್ಲಿ ತಲೆದೂಗುವ ಐದು ಸಾವಿರ ಬೊಂಬೆಗಳನ್ನು ಕೂರಿಸಿದ್ದರೆ ‘ರಾಮಾಶ್ವಮೇಧ’ ಏನಾಗುತ್ತಿತ್ತು?

ನನಗೂ ಒಬ್ಬ ಮನೋರಮೆ ಸಿಕ್ಕಿದ್ದಾರೆ. ಹನ್ನೆರಡನೆಯ ಪಾಠದಲ್ಲಿ ಹಳಗನ್ನಡದ ರಳ, ಕುಳಗಳನ್ನು ಹೇಳುತ್ತ, ‘ಬಾಳು, ಕೇಳು ಎರಡರಲ್ಲಿಯೂ ಮೂಲತಃ ರಳವಿತ್ತು’ ಎಂದು ಹೇಳಿಬಿಟ್ಟಿದ್ದೆ. ಆ ಪಾಠ ನೋಡಿದವರು 14 ಮಂದಿ. ಹಾವೇರಿ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ ನಿಮ್ಮಲ್ಲೊಬ್ಬರಿಂದ ನನ್ನ ನಂಬರು ಪಡೆದು ಫೋನು ಮಾಡಿದರು. ‘ಸರ್, ತಪ್ಪ ತಿಳೀಬ್ಯಾಡ್ರಿ. ಬಾಳಿನಾಗ ರಳ ಐತ್ರಿ, ಆದ್ರ ಕೇಳಿನಾಗ ಇಲ್ರಿ. ಅದು ಕುಳಾರೀ.’ ಕಿಟ್ಟೆಲ್ ಕೋಶ ತೆಗೆದು ನೋಡಿದೆ. ಅವರ ಮಾತೇ ಸರಿ. ಬಾೞ್, ಆದರೆ ಕೇಳ್. ಎಷ್ಟು ವರ್ಷ ಎಷ್ಟು ಮಕ್ಕಳಿಗೆ ನಾನಿದನ್ನು ತಪ್ಪಾಗಿ ಕಲಿಸಿದೆನೋ! ನಿಮ್ಮಲ್ಲಿ ಯಾರ ಟಿಪ್ಪಣಿ ಪುಸ್ತಕದಲ್ಲಾದರೂ ಇದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಉಪದೇಶಕರ ಬಗೆಗೂ ಎರಡು ಮಾತು. ‘ಸರ್, ಮೂರು ನಿಮಿಷಕ್ಕೆ ಇಳಿಸಿ, ಬಾಯಿ ತೆರೆದ ಮುಖದ ಚಿತ್ರ ಹಾಕಿ, ರಾಮನ ಕುದುರೆಯ ರಹಸ್ಯ ಕೇಳಿದರೆ ಬೆಚ್ಚಿಬೀಳುತ್ತೀರಿ ಎಂದು ಶೀರ್ಷಿಕೆ ಕೊಡಿ’ ಎನ್ನುತ್ತಾರೆ. ಬೆಚ್ಚಿಬಿದ್ದವನು ಹಳಗನ್ನಡ ಕಲಿಯಲಾರ. ಆದರೆ ಇವರಿಗಿಂತಲೂ ನನಗೆ ಹೆಚ್ಚು ಕೋಪ ಬರುವುದು ನನ್ನ ವಯಸ್ಸಿನ ಮಿತ್ರರ ಮೇಲೆ. ತಮ್ಮದನ್ನು ಯಾರೂ ಓದದಿದ್ದರೆ, ಕೇಳದಿದ್ದರೆ, ‘ಕನ್ನಡಿಗರಿಗೆ ಅಭಿರುಚಿಯೇ ಸತ್ತಿದೆ’ ಎಂದು ಇಡೀ ನಾಡಿಗೆ ಶಾಪ ಹಾಕುತ್ತಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರೂ ನಮ್ಮಂತೆ ಶಾಲಾ ಮಾಸ್ತರರಾಗಿದ್ದವರೇ. ಜಗಲಿಯಲ್ಲಿ ಕುಳಿತು ಶಪಿಸುವ ನಾವು ಏನನ್ನು ಹೊತ್ತಿದ್ದೇವೆ?

ಈ ಪ್ರಶ್ನೆಯನ್ನು ನನಗೂ ಕೇಳಿಕೊಂಡೆ. ಉತ್ತರ ನಾಚಿಕೆಗೇಡಿನದು. ನನ್ನ ಪಾಠಗಳಿಗೆಲ್ಲ ‘ಪಾಠ 7’, ‘ಪಾಠ 8’ ಎಂದಷ್ಟೇ ಹೆಸರಿಟ್ಟಿದ್ದೆ. ಮುದ್ದಣನನ್ನು ಹುಡುಕಿ ಬರುವ ವಿದ್ಯಾರ್ಥಿಗೆ ಅದು ಸಿಗುವುದಾದರೂ ಹೇಗೆ? ಮೊದಲ ಹತ್ತು ಪಾಠಗಳಲ್ಲಿ ಫ್ಯಾನಿನ ಗರಗರ ಸದ್ದು ನನ್ನ ದನಿಗಿಂತ ಜೋರಾಗಿದೆ. ಇದಕ್ಕೆ ಕನ್ನಡಿಗರ ಅಭಿರುಚಿ ಹೊಣೆಯಲ್ಲ. ಈಗ ಎಲ್ಲಕ್ಕೂ ಕವಿಯ ಹೆಸರು, ಕೃತಿಯ ಹೆಸರು, ಸಂದರ್ಭವನ್ನು ಕನ್ನಡದಲ್ಲಿಯೇ ಸೇರಿಸಿದ್ದೇನೆ. ಫ್ಯಾನು ಆರಿಸಿ, ಬೆವರುತ್ತ, ಒಂದೊಂದನ್ನೇ ಮತ್ತೆ ಚಿತ್ರೀಕರಿಸುತ್ತಿದ್ದೇನೆ.

ಏಳನೆಯ ಪಾಠವನ್ನು ಅಳಿಸಿ ಹಾಕಿದೆ. 5,118 ಹೋಯಿತು. ಅದರೊಡನೆ ನಿಜವಾದ ಇಪ್ಪತ್ತಮೂರೂ ಹೋಯಿತು, ಬೇರೆ ದಾರಿಯಿರಲಿಲ್ಲ. ಅದನ್ನು ಹೊಸದಾಗಿ ಏರಿಸಿ ಎಂಟು ದಿನಗಳಾದವು. ಇದನ್ನು ಬರೆಯುವಾಗ 6 ಇದೆ. ಆ ಆರರಲ್ಲಿ ಎರಡು ಬಾರಿ ನೋಡಿದವನು ನಾನೇ, ಧ್ವನಿ ಸರಿಯಿದೆಯೇ ಎಂದು.

ಹನ್ನೆರಡನೆಯ ಪಾಠದ ತಿದ್ದುಪಡಿ ಬರುವ ಭಾನುವಾರ. ನನ್ನಲ್ಲಿರುವ ‘ರಾಮಾಶ್ವಮೇಧ’ದ ಪ್ರತಿಯಲ್ಲಿ ಹನ್ನೊಂದು ಪುಟಗಳನ್ನು ಗೆದ್ದಲು ತಿಂದಿದೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಮುದ್ರಣವಿದ್ದರೆ ತಿಳಿಸಿ. ಬಂದು ನೋಡಿ, ಬೇಕಾದಷ್ಟು ಬರೆದುಕೊಂಡು ಹೋಗುತ್ತೇನೆ.