ನಡೆ ತಪ್ಪಿದ ನುಡಿಗೆ ಮಕ್ಕಳು ಕಿವಿಗೊಡುವರೇ?

ಮಗನ ಕೈಯಲ್ಲಿದ್ದ ಮೊಬೈಲನ್ನು ಕಸಿದಿಟ್ಟ ತಂದೆ ಮರುಗಳಿಗೆಯಲ್ಲೇ ತನ್ನ ಮೊಬೈಲಿನತ್ತ ತಲೆ ತಗ್ಗಿಸುತ್ತಾನೆ. ಇಂದು ಅನೇಕ ಮನೆಗಳಲ್ಲಿ ಕಾಣುವ ನೋಟವಿದು. ನಡೆ-ನುಡಿ ಒಂದಾಗಿರಬೇಕೆಂಬುದು ವಚನಗಳನ್ನು ಓದುವವರಿಗೆ ಹೊಸ ಮಾತಲ್ಲ. ಆದರೆ ಹದಿಹರೆಯದ ಮಕ್ಕಳ ಮನಸ್ಸಿನ ಸ್ವಾಸ್ಥ್ಯದ ಪ್ರಶ್ನೆ ಬಂದಾಗ ಮೊದಲು ಮರೆತುಹೋಗುವುದೇ ಈ ಮಾತು.

ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮವಿದೆ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಸೇರಿದ ಮೊಬೈಲು, ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. 2022ರ ಆಗಸ್ಟ್‌ನಲ್ಲಿ ಗ್ರಾಮದ ಮಹಿಳೆಯರು ಸಭೆ ಸೇರಿ ಒಂದು ನಿರ್ಣಯ ಕೈಗೊಂಡರು. ಅಂದಿನಿಂದ ಸಂಜೆ 7 ಗಂಟೆಗೆ ದೇವಾಲಯದಿಂದ ಸೈರನ್ ಮೊಳಗತೊಡಗಿತು. 8.30ರವರೆಗೆ ಮೊಬೈಲು ಮಾತ್ರವಲ್ಲ, ದೂರದರ್ಶನವೂ ಮೌನ. ಆ ವೇಳೆಯಲ್ಲಿ ಓದು, ಬರೆಹ, ಮನೆಯವರೊಡನೆ ಮಾತುಕತೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಆ ಸೈರನ್ ಮಕ್ಕಳಿಗಾಗಿ ಮಾತ್ರ ಮೊಳಗಲಿಲ್ಲ, ಹಿರಿಯರಿಗಾಗಿಯೂ ಮೊಳಗಿತು. ಅದರ ಬಲವಿದ್ದುದು ಅಲ್ಲಿಯೇ.

ಮೊಬೈಲು ಹಿಡಿದ ಮಗುವನ್ನೆಲ್ಲ ರೋಗಿಯೆಂದು ಕರೆಯುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ತಂದ ರೋಗವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನವಿದೆ. ಆದರೆ ಅದು ಆಟದ ಗಂಟೆಗಳನ್ನು ಎಣಿಸುವುದಿಲ್ಲ. ಆಟದ ಮೇಲಿನ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು ಎಂಬ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ. ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಆದ್ದರಿಂದ ‘ಎಷ್ಟು ಹೊತ್ತು ನೋಡಿದೆ?’ ಎಂದು ಗದರಿಸುವುದಕ್ಕಿಂತ, ಮಗುವಿನ ನಿದ್ರೆ ಕೆಟ್ಟಿದೆಯೇ, ಗೆಳೆಯರಿಂದ ದೂರವಾಗಿದೆಯೇ, ಹಿಂದೆ ಮೆಚ್ಚುತ್ತಿದ್ದುದರಲ್ಲಿ ಆಸಕ್ತಿ ಕಳೆದುಕೊಂಡಿದೆಯೇ ಎಂದು ನೋಡುವುದೇ ವಿವೇಕ. ಪರೀಕ್ಷೆಯ ಭಯ, ಒಂಟಿತನ, ಅವಮಾನ ಇವುಗಳಿಂದ ತಪ್ಪಿಸಿಕೊಳ್ಳಲು ಮಗು ಪರದೆಯ ಮರೆಹೊಕ್ಕಿರಲೂಬಹುದು. ಹಾಗಿದ್ದಲ್ಲಿ ಮೊಬೈಲನ್ನು ಕಸಿದುಕೊಂಡರೆ ಮರೆ ಹೋಗುತ್ತದೆಯೇ ಹೊರತು ನೋವು ಹೋಗುವುದಿಲ್ಲ.

ಆ ನೋವಿಗೆ ಮದ್ದು ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ಕನ್ನು ತೆರೆಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ನಾಚದವರು ಮನಸ್ಸಿನ ಬೇನೆಗೆ ನಾಚಬೇಕಿಲ್ಲ.

ಕಾನೂನೇ ಇದನ್ನು ಸರಿಪಡಿಸಲಿ ಎನ್ನುವವರೂ ಉಂಟು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ, 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಹೊಣೆಯನ್ನು ಆಯಾ ಕಂಪನಿಗಳ ಮೇಲೆ ಹೊರಿಸಲಾಗಿದೆ. ಇಂತಹ ಕಟ್ಟಳೆಗೆ ಅದರದೇ ಬೆಲೆಯುಂಟು. ಆದರೆ ಕಾನೂನು ಖಾತೆಯನ್ನು ಮುಚ್ಚಬಲ್ಲದು, ಊಟದ ಹೊತ್ತಿನಲ್ಲಿ ಮಗುವಿನ ಎದುರು ಕುಳಿತು ಅದರ ಮಾತನ್ನು ಆಲಿಸಲಾರದು.

ಹಿರಿಯರ ಮೊಬೈಲು ದುಡಿಮೆಯ ಸಾಧನ, ಮಕ್ಕಳದು ಬರಿಯ ಆಟ ಎಂಬ ವಾದವೂ ಇದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವಡಗಾಂವ್ ದಿನವಿಡೀ ತ್ಯಾಗವನ್ನು ಕೇಳಲಿಲ್ಲ, ಕೇಳಿದ್ದು ಒಂದೂವರೆ ಗಂಟೆಯನ್ನು. ಅಷ್ಟು ಹೊತ್ತೂ ಬಿಡಲಾಗದ ದುಡಿಮೆ ಎಷ್ಟು ಜನರದು? ಬಿಡಲಾಗದಿರುವುದು ದುಡಿಮೆಯೋ, ಅಭ್ಯಾಸವೋ ಎಂದು ಪ್ರತಿಯೊಬ್ಬ ತಂದೆತಾಯಿಯೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಊರಿನಲ್ಲಿ ಸೈರನ್ ಇರಬೇಕೆಂದೇನೂ ಇಲ್ಲ. ಮನೆಯಲ್ಲಿ ದೀಪ ಹಚ್ಚುವ ಹೊತ್ತೇ ಸಾಕು. ಆ ಹೊತ್ತಿಗೆ ಮೊದಲು ಹಿರಿಯರ ಮೊಬೈಲು ಕೆಳಗಿಳಿಯಲಿ, ಮಕ್ಕಳ ಸರದಿ ಆಮೇಲೆ. ಆಗ ಮಾತ್ರ ಹಿರಿಯರ ನುಡಿಗೆ ಮಕ್ಕಳು ಕಿವಿಗೊಟ್ಟಾರು.